ಆಟಿಕ್ ಇನ್ಸುಲೇಷನ್ ಮತ್ತು ಮಾಡಿನ ಗಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ನಿಂದ ಅರ್ಧ ಗಂಟೆ ದೂರದ ಒಂದು ಊರಲ್ಲಿ. ನಮ್ಮ ಮನೆ 1978ರದ್ದು. ಆಟಿಕ್ ವಿಷಯದಲ್ಲಿ ದುಡ್ಡು ಕೊಟ್ಟು ಪೆಟ್ಟು ತಿಂದವಳು ನಾನು. ಆ ಕಥೆ ಹೇಗೋ ಹರಡಿತು. ಈಗ ಇಲ್ಲಿನ ಕನ್ನಡದವರು ಯಾರೇ ಮನೆ ತಗೊಂಡರೂ, ಯುಗಾದಿ ಊಟದ ಸಾಲಲ್ಲಿ ನಿಂತಾಗಲೂ, ನನ್ನನ್ನು ಕೇಳುವುದು ಒಬ್ಬಟ್ಟಿನ ಬಗ್ಗೆ ಅಲ್ಲ, ಇನ್ಸುಲೇಷನ್ ಬಗ್ಗೆ, ಅಂದರೆ ಮನೆಯ ಬಿಸಿ ಆಚೆ ಹೋಗದಂತೆ ಸೀಲಿಂಗ್ ಮೇಲೆ ಹಾಸುವ ದಪ್ಪ ಪದರದ ಬಗ್ಗೆ. ಪ್ರತಿ ಸಲ ಹೇಳಿದ್ದನ್ನೇ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಹೆಚ್ಚಿನದು ಹಿಮ ಬೀಳುವ ಊರುಗಳಿಗೆ ಸೇರಿದ ಮಾತು. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಇಂಗ್ಲೆಂಡ್‌ನವರಿಗೂ ಕೆಳಗಡೆ ಸ್ವಲ್ಪ ಇದೆ.

ಆಟಿಕ್ ಅಂದರೆ ನಮ್ಮ ಅಟ್ಟವೇ ತಾನೇ?

ಜಾಗ ಅದೇ, ಸ್ವಭಾವ ಬೇರೆ. ಮಲೆನಾಡಿನ ಮನೆಯ ಅಟ್ಟ ಮನೆಯ ಒಳಗಿನ ಜಾಗ. ಒಲೆಯ ಬಿಸಿ, ಹೊಗೆ ಅಲ್ಲಿಗೆ ಏರಲಿ ಅಂತಲೇ ಅದನ್ನು ಅಡುಗೆಮನೆಯ ಮೇಲೆ ಕಟ್ಟುತ್ತಿದ್ದರು. ಅಲ್ಲಿ ಇಟ್ಟ ಬೀಜ, ಬೆಲ್ಲ, ಹುಣಸೆಹಣ್ಣು ಬೆಚ್ಚಗೆ ಒಣಗಿರುತ್ತಿತ್ತು.

ಇಲ್ಲಿನ ಆಟಿಕ್ ಹಾಗಲ್ಲ. ನಿಮ್ಮ ಮನೆ ಮುಗಿಯುವುದು ಮೇಲಿನ ಮಹಡಿಯ ಸೀಲಿಂಗ್‌ನಲ್ಲಿ. ಅದರ ಮೇಲಿರುವುದೆಲ್ಲ ಹೊರಗಿನ ಜಾಗವೇ, ಮಳೆ ಹಿಮ ಬೀಳದ ಹಾಗೆ ಮೇಲೊಂದು ಕೊಡೆ ಹಿಡಿದಿದ್ದಾರೆ ಅಷ್ಟೆ. ಜನವರಿಯಲ್ಲಿ ಆಟಿಕ್ ಹತ್ತಿದರೆ ಜಾಕೆಟ್ ಬೇಕು ಅನ್ನಿಸಬೇಕು. ಬೆಚ್ಚಗಿದೆ, ಹಾಯಾಗಿದೆ ಅನ್ನಿಸಿದರೆ ನಿಮ್ಮ ಗ್ಯಾಸ್ ಬಿಲ್ ಅಲ್ಲಿ ಕೂತಿದೆ ಅಂತ ಅರ್ಥ. ಇದೊಂದು ತಲೆಗೆ ಹೋದರೆ ಮುಂದಿನದೆಲ್ಲ ಸುಲಭ.

ಇನ್ಸುಲೇಷನ್ ಹಾಕುವುದು ಬಿಸಿ ಹೋಗದಿರಲಿ ಅಂತ. ವೆಂಟ್ ಇಡುವುದು ಗಾಳಿ ಹೋಗಲಿ ಅಂತ. ಎರಡೂ ಒಂದಕ್ಕೊಂದು ವಿರುದ್ಧ ಅಲ್ವಾ?

ಅಲ್ಲ. ಇಬ್ಬರೂ ಕೆಲಸ ಮಾಡುವ ಜಾಗ ಬೇರೆ ಬೇರೆ. ಇನ್ಸುಲೇಷನ್ ಮಲಗಿರುವುದು ಸೀಲಿಂಗ್ ಮೇಲೆ. ಗಾಳಿ ಓಡಾಡಬೇಕಾದ್ದು ಇನ್ಸುಲೇಷನ್‌ಗೂ ಮಾಡಿನ (ಚಾವಣಿಯ) ಹಲಗೆಗೂ ನಡುವೆ. ತಣ್ಣನೆ ಗಾಳಿ ಸೂರಿನ ಅಡಿಯ ಸಾಫಿಟ್ ವೆಂಟ್‌ನಿಂದ ಒಳಗೆ ಬರುತ್ತದೆ. ಹಲಗೆಯ ಅಡಿಭಾಗವನ್ನು ಸವರಿಕೊಂಡು ಮೇಲೇರುತ್ತದೆ. ಮಾಡಿನ ನೆತ್ತಿಯಲ್ಲಿರುವ ರಿಡ್ಜ್ ವೆಂಟ್‌ನಿಂದ ಆಚೆ ಹೋಗುತ್ತದೆ. ಹೋಗುವಾಗ ಅಲ್ಲಿ ಸೇರಿಕೊಂಡ ತೇವವನ್ನೂ ಬೇಸಿಗೆಯ ಕಾವನ್ನೂ ಹೊತ್ತೊಯ್ಯುತ್ತದೆ.

ಜಗಳ ಶುರುವಾಗುವುದು ಒಂದೇ ಒಂದು ಜಾಗದಲ್ಲಿ. ಮಾಡು ಇಳಿದು ಗೋಡೆಯ ಮೇಲೆ ಕೂರುವ ಕಡೆ, ಸೂರಿನ ಹತ್ತಿರ. ಹಳೆ ಮನೆಗಳಲ್ಲಿ ಅಲ್ಲಿ ಇರುವ ಎತ್ತರ ಮೂರ್ನಾಲ್ಕು ಇಂಚು. ಅಷ್ಟರಲ್ಲೇ ಇನ್ಸುಲೇಷನ್ ಹಿಡಿಯಬೇಕು, ಗಾಳಿಯೂ ನುಗ್ಗಬೇಕು. ನಾನು ನೋಡಿದ ಹಾಳಾದ ಆಟಿಕ್‌ಗಳಲ್ಲಿ ಹೆಚ್ಚಿನವು ಹಾಳಾಗಿದ್ದು ಆ ಮೂರ್ನಾಲ್ಕು ಇಂಚಿನಲ್ಲಿ.

ಜಾಸ್ತಿ ಹಾಕಿಸಿದಷ್ಟೂ ಒಳ್ಳೆಯದಲ್ವಾ?

ಒಂದು ಮಟ್ಟದವರೆಗೆ ಹೌದು. ಇನ್ಸುಲೇಷನ್‌ನ ಶಕ್ತಿಯನ್ನು ಆರ್-ವ್ಯಾಲ್ಯೂ ಅಂತ ಅಳೆಯುತ್ತಾರೆ. ಅಂಕಿ ಹೆಚ್ಚಾದಷ್ಟೂ ಬಿಸಿ ದಾಟುವುದು ಕಷ್ಟ. 2021ರ ಅಮೆರಿಕದ ಮಾದರಿ ಎನರ್ಜಿ ಕೋಡ್, ಅಂದರೆ ಕಟ್ಟಡಗಳಲ್ಲಿ ಇಂಧನ ಉಳಿಸುವ ನಿಯಮಾವಳಿ, ಹವಾಮಾನ ವಲಯ (ಅಂಕಿ ಹೆಚ್ಚಾದಷ್ಟೂ ಚಳಿ ಹೆಚ್ಚು) 4ರಿಂದ 8ರವರೆಗೆ ಆರ್-60 ಕೇಳುತ್ತದೆ, 2 ಮತ್ತು 3ಕ್ಕೆ ಆರ್-49. ಡೆಟ್ರಾಯಿಟ್, ಷಿಕಾಗೋ ಇರುವುದು ವಲಯ 5ರಲ್ಲಿ. ಮಿನಿಯಾಪೊಲಿಸ್ 6. ಡಾಲಸ್ 3, ಹ್ಯೂಸ್ಟನ್ 2. ನಿಮ್ಮ ರಾಜ್ಯ ಯಾವ ವರ್ಷದ ಕೋಡ್ ಒಪ್ಪಿಕೊಂಡಿದೆ ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ.

ಲೆಕ್ಕ ಹಾಕಿ ನೋಡಿ. ಸೀಲಿಂಗ್ 1000 ಚದರ ಅಡಿ ಇದೆ, ಒಳಗೂ ಹೊರಗೂ 50 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇದೆ ಅಂದುಕೊಳ್ಳಿ. ಆರ್-19 ಇದ್ದರೆ ಗಂಟೆಗೆ ಸುಮಾರು 2,600 ಬಿಟಿಯು (ಬಿಸಿ ಅಳೆಯುವ ಮಾನ) ಬಿಸಿ ಮೇಲೆ ಹೋಗುತ್ತದೆ. ಆರ್-49 ಮಾಡಿದರೆ ಸುಮಾರು 1,000. ಆರ್-60 ಮಾಡಿದರೆ ಸುಮಾರು 830. ಮೊದಲ ಹೆಜ್ಜೆಯಲ್ಲಿ ಸಿಕ್ಕಿದ್ದು ಎಷ್ಟು, ಎರಡನೆಯದರಲ್ಲಿ ಎಷ್ಟು, ನೀವೇ ನೋಡಿ. ಈಗಾಗಲೇ ಆರ್-49 ಇರುವವರು ಇನ್ನೂ ಸುರಿಸುವುದಕ್ಕಿಂತ ಆ ದುಡ್ಡಲ್ಲಿ ತೂತು ಮುಚ್ಚಿಸುವುದು ಲೇಸು.

ಇನ್ನೊಂದು ಮಾತು ಮಾರುವವರು ಹೇಳುವುದಿಲ್ಲ. ಇನ್ಸುಲೇಷನ್ ಹೆಚ್ಚಾದಷ್ಟೂ ಚಳಿಗಾಲದಲ್ಲಿ ಮಾಡಿನ ಹಲಗೆ ಇನ್ನೂ ತಣ್ಣಗಾಗುತ್ತದೆ. ಮೊದಲು ಕೆಳಗಿನ ಬಿಸಿ ಸೋರಿ ಹಲಗೆಯನ್ನು ಒಣಗಿಸುತ್ತಿತ್ತು. ಈಗ ಆ ಬಿಸಿ ಇಲ್ಲ. 21 ಡಿಗ್ರಿ ಸೆಲ್ಸಿಯಸ್ ಬಿಸಿಯ, ಶೇಕಡಾ 40 ತೇವದ ಮನೆಯ ಗಾಳಿ ಸುಮಾರು 7 ಡಿಗ್ರಿಗೆ ತಣ್ಣಗಾದರೆ ಸಾಕು, ನೀರು ಬಿಡಲು ಶುರುಮಾಡುತ್ತದೆ. ಹೊರಗೆ ಮೈನಸ್ 15 ಇರುವಾಗ ಆ ಗಾಳಿ ಹಲಗೆಗೆ ತಾಗಿದರೆ? ನೀರೂ ಅಲ್ಲ, ನೇರವಾಗಿ ಮಂಜಿನ ಹರಳು. ಅದಕ್ಕೇ ಇನ್ಸುಲೇಷನ್ ಹೆಚ್ಚಿಸಿದ ವರ್ಷವೇ ಗಾಳಿಯ ದಾರಿಯನ್ನೂ ನೋಡಬೇಕು.

ನಿಮ್ಮ ಮನೆಯಲ್ಲಿ ನಿಜವಾಗಿ ಆಗಿದ್ದೇನು?

ಮನೆ ತಗೊಂಡಾಗ ಆಟಿಕ್‌ನಲ್ಲಿ ಆರಿಂಚು ದಪ್ಪಕ್ಕೆ ಗಾಜಿನ ಎಳೆಗಳ, ಹತ್ತಿಯಂಥ ಗುಲಾಬಿ ಫೈಬರ್‌ಗ್ಲಾಸ್ ಇತ್ತು. ಒಬ್ಬ ಕಂಟ್ರಾಕ್ಟರ್ ಬಂದ, ನೋಡಿದ, ಅಕ್ಟೋಬರ್‌ನಲ್ಲಿ ಒಂದೇ ಮಧ್ಯಾಹ್ನ ಪೈಪ್ ಹಿಡಿದು ಸೆಲ್ಯುಲೋಸ್ ಅನ್ನುವ ಪೇಪರ್ ಪುಡಿ ಊದಿಸಿ ಹೋದ. ಹದಿನಾಲ್ಕು ಇಂಚು, ಹಾಸಿಗೆ ಹಾಸಿದ ಹಾಗೆ. ನವೆಂಬರ್, ಡಿಸೆಂಬರ್ ಗ್ಯಾಸ್ ಬಿಲ್ ಇಳಿಯಿತು. ನಾನು ಫೋನ್ ಮಾಡಿ ಊರಲ್ಲಿ ಅಮ್ಮನಿಗೂ ಹೇಳಿಕೊಂಡೆ.

ಜನವರಿಯಲ್ಲಿ ಎರಡು ವಾರ ಕೊರೆಯುವ ಚಳಿ. ಫೆಬ್ರುವರಿ ಮೊದಲಲ್ಲಿ ಬಿಸಿಲು ಬಂತು. ಮಗಳ ಕೋಣೆಯ ಸೀಲಿಂಗ್‌ನಲ್ಲಿ ಕಾಫಿ ಚೆಲ್ಲಿದ ಹಾಗೆ ಒಂದು ಕಲೆ ಮೂಡಿತು. ಮಾಡು ಸೋರುತ್ತಿದೆ ಅಂದುಕೊಂಡು ರೂಫ್‌ನವನನ್ನು ಕರೆಸಿದೆ. ಅವನು ಮೇಲೆ ಹತ್ತಿ ನೋಡಿ, ಶಿಂಗಲ್ (ಮಾಡಿಗೆ ಹೊದಿಸಿದ ಬಿಲ್ಲೆ) ಚೆನ್ನಾಗಿದೆ, ವಾರದಿಂದ ಮಳೆಯೂ ಇಲ್ಲ, ನೀರು ಬಂದಿರುವುದು ಒಳಗಿನಿಂದ ಅಂದ. ನನಗೆ ನಂಬಿಕೆ ಬರಲಿಲ್ಲ. ಟಾರ್ಚ್ ಹಿಡಿದು ನಾನೇ ಹತ್ತಿದೆ.

ಹಲಗೆಯಿಂದ ಕೆಳಗೆ ಇಣುಕುವ ಶಿಂಗಲ್ ಮೊಳೆಗಳು ನೂರಾರು ಇರುತ್ತವಲ್ಲ, ಉತ್ತರ ದಿಕ್ಕಿನ ಪ್ರತಿ ಮೊಳೆಯ ತುದಿಯಲ್ಲೂ ಜೋಳದ ಕಾಳಿನಷ್ಟು ಬಿಳಿ ಹರಳು. ಟಾರ್ಚ್ ಬೆಳಕಿಗೆ ಮಿನುಗುತ್ತಿತ್ತು. ನಿಜ ಹೇಳುತ್ತೇನೆ, ನೋಡಲು ಚಂದವಾಗಿತ್ತು. ದಕ್ಷಿಣದ ಕಡೆ ಬಿಸಿಲಿಗೆ ಅವು ಕರಗಿ ಟಪ್ ಟಪ್ ಅಂತ ಸೆಲ್ಯುಲೋಸ್ ಮೇಲೆ ಬೀಳುತ್ತಿದ್ದವು. ಮೊಣಕಾಲೂರಿ ಸೂರಿನ ಕಡೆ ಹೋದೆ. ಅಲ್ಲಿ ಸೆಲ್ಯುಲೋಸ್ ಹಲಗೆಗೆ ತಾಗುವವರೆಗೂ ತುಂಬಿತ್ತು, ಸಾಫಿಟ್ ಒಳಗೂ ಸುರಿದಿತ್ತು. ಹೊರಗಿನ ಬೆಳಕಿನ ಒಂದು ಗೆರೆಯೂ ಕಾಣಲಿಲ್ಲ. ಹಲಗೆಯಲ್ಲಿ ಕಪ್ಪು ಚುಕ್ಕೆಗಳು. ಅಲ್ಲೇ ಬದಿಯಲ್ಲಿ ಬಾತ್‌ರೂಂ ಫ್ಯಾನಿನ ಪೈಪ್. ಅದನ್ನು ಆಚೆ ಬಿಟ್ಟಿರಲೇ ಇಲ್ಲ. ಬಾಯಿ ತೆರೆದುಕೊಂಡು ಸೆಲ್ಯುಲೋಸ್ ಒಳಗೆ ಮಲಗಿತ್ತು. ಅಂದರೆ ನಾಲ್ಕು ಜನರ ಬಿಸಿನೀರಿನ ಸ್ನಾನದ ಹಬೆಯೆಲ್ಲ ನಾಲ್ಕು ತಿಂಗಳಿಂದ ಅಲ್ಲಿಗೇ.

ಕಂಟ್ರಾಕ್ಟರ್ ಮತ್ತೆ ಫೋನ್ ಎತ್ತಲಿಲ್ಲ. ಎರಡು ಶನಿವಾರ ಮಾಸ್ಕ್ ಹಾಕಿಕೊಂಡು ನಾನೂ ನನ್ನ ಗಂಡನೂ ಸೂರಿನುದ್ದಕ್ಕೂ ಸೆಲ್ಯುಲೋಸ್ ಕೈಯಲ್ಲಿ ಹಿಂದಕ್ಕೆ ಎಳೆದೆವು. ಸೆಲ್ಯುಲೋಸ್ ಅಂದರೆ ಹಳೆ ಪೇಪರ್ ಪುಡಿ, ಬೆಂಕಿ ಹಿಡಿಯದಿರಲಿ ಅಂತ ಬೋರೇಟ್ ಬೆರೆಸಿರುತ್ತಾರೆ. ನಡುವೆ ಒಂದು ತುಂಡಿನಲ್ಲಿ ಯಾರೋ ಅರ್ಧ ತುಂಬಿಸಿದ ಪದಬಂಧ ಸಿಕ್ಕಿತು.

ಹಾಗಾದರೆ ಯಾವ ಕೆಲಸ ಮೊದಲು ಮಾಡಿಸಬೇಕು?

ಮೊದಲು ಸೀಲಿಂಗ್‌ನ ತೂತು ಮುಚ್ಚಿಸಿ. ಆಮೇಲೆ ಬಾತ್‌ರೂಂ ಫ್ಯಾನ್ ಆಚೆ ಬಿಡಿಸಿ. ಆಮೇಲೆ ಸೂರಿಗೆ ಬ್ಯಾಫಲ್ (ಅದೇನು ಅಂತ ಕೆಳಗೆ ಹೇಳುತ್ತೇನೆ). ಕೊನೆಗೆ ಇನ್ಸುಲೇಷನ್. ಹೆಚ್ಚಿನವರು ಕೊನೆಯದನ್ನು ಮಾತ್ರ ಮಾಡಿಸುತ್ತಾರೆ, ಯಾಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ. ಹದಿನಾಲ್ಕು ಇಂಚು ಸುರಿದ ಮೇಲೆ ಅದರಡಿಯ ತೂತು ಹುಡುಕುವುದು ಹೇಗೆ?

ತೂತು ಅಂದರೆ ದೊಡ್ಡದೇ ಇರಬೇಕಿಲ್ಲ. ಸೀಲಿಂಗ್ ಲೈಟಿನ ಸುತ್ತ, ಪ್ಲಂಬಿಂಗ್ ಪೈಪ್ ಮೇಲೇರುವ ಕಡೆ, ಒಳಗೋಡೆಯ ನೆತ್ತಿಯಲ್ಲಿ ವೈರ್ ಇಳಿಸಿದ ರಂಧ್ರ, ಆಟಿಕ್ ಬಾಗಿಲಿನ ಅಂಚು. ಬಿಸಿ ಗಾಳಿ ಮೇಲೇರುತ್ತದೆ, ಮನೆಯೇ ಒಂದು ಚಿಮಣಿಯ ಹಾಗೆ ಕೆಳಗಿನಿಂದ ಎಳೆದು ಮೇಲಿನಿಂದ ಬಿಡುತ್ತದೆ. ಫೈಬರ್‌ಗ್ಲಾಸ್ ಗಾಳಿಯನ್ನು ತಡೆಯುವುದಿಲ್ಲ, ಸೋಸುತ್ತದೆ ಅಷ್ಟೆ. ಹಳೆ ಫೈಬರ್‌ಗ್ಲಾಸ್ ಎತ್ತಿದಾಗ ಅಡಿಯಲ್ಲಿ ಕಪ್ಪು ಧೂಳಿನ ಮಚ್ಚೆ ಕಂಡರೆ ಅಲ್ಲೇ ಸೋರುತ್ತಿದೆ ಅಂತ ಲೆಕ್ಕ. ಸಣ್ಣ ತೂತಿಗೆ ಸ್ಪ್ರೇ ಫೋಮ್ ಡಬ್ಬಿ ಸಾಕು. ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್‌ನ ಹೊಗೆಕೊಳವೆಯ ಸುತ್ತ ಮಾತ್ರ ಫೋಮ್ ಬೇಡವೇ ಬೇಡ. ಅಲ್ಲಿ ತಗಡು ಮತ್ತು ಬೆಂಕಿ ತಾಳುವ ಕಾಲ್ಕ್ (ಸಂದು ಮುಚ್ಚುವ ಅಂಟು) ಬಳಸಬೇಕು, ಇನ್ಸುಲೇಷನ್ ಕೊಳವೆಗೆ ತಾಗದ ಹಾಗೆ ತಗಡಿನ ಬೇಲಿ ಕಟ್ಟಬೇಕು. ಹಳೆಯ ಹುದುಗಿಸಿದ ಲೈಟುಗಳಿಗೂ ಇದೇ ಎಚ್ಚರ. ಐಸಿ ಅಂತ ಗುರುತು (ಇನ್ಸುಲೇಷನ್ ತಾಗಿದರೂ ಪರವಾಗಿಲ್ಲ ಅಂತ ಅರ್ಥ) ಇಲ್ಲದ ಲೈಟಿನಿಂದ ಇನ್ಸುಲೇಷನ್ ಮೂರು ಇಂಚು ದೂರ ಇರಬೇಕು.

ಬ್ಯಾಫಲ್ ಅಂದರೇನು? ಎಲ್ಲರೂ ಅದರ ಹೆಸರು ಹೇಳುತ್ತಾರೆ.

ಊರಿನ ಹಂಚಿನ ಮನೆಯಲ್ಲಿ ಪಕಾಸು ಅಂತ ಹೇಳುತ್ತೇವಲ್ಲ, ಇಲ್ಲಿ ರಾಫ್ಟರ್. ಎರಡು ರಾಫ್ಟರ್ ನಡುವೆ, ಮಾಡಿನ ಹಲಗೆಯ ಅಡಿಗೆ ಹೊಡೆಯುವ ತೆಳ್ಳನೆ ಫೋಮ್ ಅಥವಾ ರಟ್ಟಿನ ತೊಟ್ಟಿಯೇ ಬ್ಯಾಫಲ್. ಇನ್ಸುಲೇಷನ್ ಎಷ್ಟೇ ಎತ್ತರ ಬಂದರೂ ಹಲಗೆಗೂ ಅದಕ್ಕೂ ನಡುವೆ ಗಾಳಿಯ ಕಾಲುವೆ ಉಳಿಯುತ್ತದೆ. ಕೋಡ್ ಕೇಳುವುದು ಕಡಿಮೆ ಅಂದರೆ ಒಂದು ಇಂಚು. ನಾನು ಎರಡು ಇಂಚಿನದೇ ಹಾಕಿ ಅನ್ನುತ್ತೇನೆ. ರಾಫ್ಟರ್ ಅಂತರ 16 ಇಂಚೋ 24 ಇಂಚೋ ಅಳೆದುಕೊಂಡು ಅಂಗಡಿಗೆ ಹೋಗಿ. ನಾನು ಅಳೆಯದೆ ಹೋಗಿ ಒಂದು ಕಟ್ಟು ವಾಪಸ್ ಕೊಟ್ಟು ಬಂದೆ.

ಬರೀ ತೊಟ್ಟಿ ಹೊಡೆದರೆ ಅರ್ಧ ಕೆಲಸ. ಗೋಡೆಯ ಮೇಲ್ತುದಿಯಿಂದ ಬ್ಯಾಫಲ್‌ನವರೆಗೆ ಒಂದು ಅಡ್ಡ ತಡೆಯೂ ಬೇಕು, ದಪ್ಪ ಫೋಮ್ ತುಂಡು ಸಾಕು. ಇಲ್ಲದಿದ್ದರೆ ಸಾಫಿಟ್‌ನಿಂದ ನುಗ್ಗಿದ ಗಾಳಿ ಇನ್ಸುಲೇಷನ್ ಒಳಗೇ ಹೊಕ್ಕು ಅಂಚನ್ನು ತಣ್ಣಗೆ ಮಾಡುತ್ತದೆ. ಕೋಣೆಯ ಮೂಲೆಯಲ್ಲಿ ಸೀಲಿಂಗ್ ಗೋಡೆ ಸೇರುವ ಕಡೆ ಕಪ್ಪು ಬೂಷ್ಟು ಬರುವುದಕ್ಕೆ ಇದೂ ಒಂದು ಕಾರಣ.

ವೆಂಟ್ ಎಷ್ಟು ಬೇಕು ಅಂತ ಲೆಕ್ಕ ಹಾಕುವುದು ಹೇಗೆ?

ಕೋಡ್‌ನ ಮೂಲ ಅಂಕಿ 1/150. ಆಟಿಕ್ ನೆಲದ ಪ್ರತಿ 150 ಚದರ ಅಡಿಗೆ ಒಂದು ಚದರ ಅಡಿ ತೆರೆದ ವೆಂಟ್. ಸುಮಾರು ಅರ್ಧ ಮೇಲೆ ನೆತ್ತಿಯ ಹತ್ತಿರ, ಉಳಿದದ್ದು ಕೆಳಗೆ ಸೂರಿನಲ್ಲಿ ಇದ್ದರೆ 1/300 ಸಾಕು. ವಲಯ 6 ಮತ್ತು ಅದಕ್ಕಿಂತ ಚಳಿಯ ಕಡೆ ಸೀಲಿಂಗ್‌ನ ಬೆಚ್ಚಗಿನ ಬದಿಯಲ್ಲಿ ತೇವ ತಡೆಯುವ ಪದರವೂ ಇರಬೇಕು. 1/300 ಅನ್ನುವ ಅಂಕಿ ಹಳೆಯದು, 1942ರ ಅಮೆರಿಕ ಸರ್ಕಾರದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್‌ನ ಕಟ್ಟಡ ನಿಯಮಗಳಲ್ಲೇ ಇತ್ತು. ಎಲ್ಲ ಮನೆಗೂ ಕರಾರುವಾಕ್ಕಾಗಿ ಹೊಂದುವ ವಿಜ್ಞಾನ ಅಂತ ತಿಳಿಯಬೇಡಿ, ಕೈಯಳತೆಯ ಉಪ್ಪಿನ ಹಾಗೆ ಅಂದುಕೊಳ್ಳಿ.

ನಮ್ಮ ಮನೆಯ ಲೆಕ್ಕ ಹೀಗಿತ್ತು. ಆಟಿಕ್ 1500 ಚದರ ಅಡಿ. 300ರಿಂದ ಭಾಗಿಸಿದರೆ 5 ಚದರ ಅಡಿ, ಅಂದರೆ 720 ಚದರ ಇಂಚು. ಅರ್ಧ 360 ಮೇಲೆ, ಅರ್ಧ 360 ಕೆಳಗೆ. ಸಾಮಾನ್ಯ ರಿಡ್ಜ್ ವೆಂಟ್ ಅಡಿಗೆ ಸುಮಾರು 18 ಚದರ ಇಂಚು ಕೊಡುತ್ತದೆ, ಹಾಗಾಗಿ 20 ಅಡಿ ಬೇಕು. ಉದ್ದಕ್ಕೆ ಹಾಕುವ ಸಾಫಿಟ್ ವೆಂಟ್ ಅಡಿಗೆ ಸುಮಾರು 9 ಆದರೆ ಒಟ್ಟು 40 ಅಡಿ, ಆ ಕಡೆ 20, ಈ ಕಡೆ 20. ಡಬ್ಬಿಯ ಮೇಲೆ ನೆಟ್ ಫ್ರೀ ಏರಿಯಾ (ಗಾಳಿಗೆ ನಿಜವಾಗಿ ತೆರೆದಿರುವ ಜಾಗ) ಅಂತ ಬರೆದಿರುವ ಅಂಕಿಯನ್ನೇ ತಗೊಳ್ಳಿ. ವೆಂಟ್‌ನ ಹೊರಗಿನ ಉದ್ದ ಅಗಲ ಗುಣಿಸಬೇಡಿ, ಜಾಲರಿ ಅರ್ಧ ಜಾಗ ತಿನ್ನುತ್ತದೆ. ಎರಡರಲ್ಲಿ ಒಂದು ಜಾಸ್ತಿ ಆಗುವುದಾದರೆ ಸೂರಿನದೇ ಜಾಸ್ತಿ ಆಗಲಿ. ಮೇಲೆ ಜಾಸ್ತಿ, ಕೆಳಗೆ ಕಡಿಮೆ ಆದರೆ ನೆತ್ತಿಯ ವೆಂಟ್ ಎಳೆಯುವ ಗಾಳಿಯನ್ನು ನಿಮ್ಮ ಕೋಣೆಯ ತೂತಿನಿಂದಲೇ ತಗೊಳ್ಳುತ್ತದೆ.

ಮಾಡಿನ ಬದಿಯ ತ್ರಿಕೋನದ ಗೋಡೆಯಲ್ಲಿ ಗೇಬಲ್ ವೆಂಟ್ ಇದೆ, ರಿಡ್ಜ್ ವೆಂಟ್ ಕೂಡ ಹಾಕಿಸಿದೆವು. ಎರಡಿದ್ದರೆ ಒಳ್ಳೆಯದಲ್ವಾ?

ಅಷ್ಟೇನೂ ಅಲ್ಲ. ಗಾಳಿ ಸೋಮಾರಿ, ಹತ್ತಿರದ ದಾರಿ ಹುಡುಕುತ್ತದೆ. ಗೇಬಲ್‌ನಿಂದ ಬಂದು ಪಕ್ಕದ ರಿಡ್ಜ್‌ನಿಂದ ಹೊರಟುಹೋದರೆ ಸೂರಿನ ಕಡೆಯ ಹಲಗೆಗೆ ಏನೂ ಸಿಗಲಿಲ್ಲ. ಸಾಫಿಟ್ ಮತ್ತು ರಿಡ್ಜ್ ಚೆನ್ನಾಗಿದ್ದರೆ ಗೇಬಲ್ ಅನ್ನು ಒಳಗಿನಿಂದ ಮುಚ್ಚಿಸುವುದು ವಾಡಿಕೆ.

ಸೂರಿನಿಂದ ಮಂಜುಗಡ್ಡೆ ಉದ್ದುದ್ದ ಇಳಿಬಿದ್ದಿದೆ. ಫೋಟೋಗೆ ಚಂದ, ಆದರೆ ತೊಂದರೆನಾ?

ಸಣ್ಣ ಸಣ್ಣವು ಬಿಟ್ಟುಬಿಡಿ. ಸೂರಿನ ಉದ್ದಕ್ಕೂ ದಪ್ಪ ಮಂಜುಗಡ್ಡೆಯ ದಿಂಡು ಕೂತಿದ್ದರೆ ಅದನ್ನು ಐಸ್ ಡ್ಯಾಮ್ ಅನ್ನುತ್ತಾರೆ. ಕೆಳಗಿನ ಬಿಸಿ ಸೋರಿ ಮಾಡಿನ ಮೇಲ್ಭಾಗದ ಹಿಮ ಅಡಿಯಿಂದ ಕರಗುತ್ತದೆ. ಹಿಮವೇ ಒಂದು ಕಂಬಳಿ, ಇಂಚಿಗೆ ಸುಮಾರು ಆರ್-1ರಷ್ಟು, ಹಾಗಾಗಿ ಹೊರಗೆ ಎಷ್ಟೇ ಚಳಿ ಇದ್ದರೂ ಅಡಿಯಲ್ಲಿ ಕರಗಲು ಅಡ್ಡಿಯಿಲ್ಲ. ಆ ನೀರು ಹರಿದು ಗೋಡೆ ದಾಟಿ ಸೂರಿಗೆ ಬರುತ್ತದೆ. ಅಲ್ಲಿ ಅಡಿಯಲ್ಲಿ ಬಿಸಿ ಇಲ್ಲ, ಮತ್ತೆ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಹಿಂದೆ ಕೆರೆಯ ಹಾಗೆ ನೀರು ನಿಲ್ಲುತ್ತದೆ, ಶಿಂಗಲ್ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತದೆ. ಶಿಂಗಲ್ ಹರಿಯುವ ನೀರಿಗೆ ಮಾಡಿದ್ದು, ನಿಂತ ನೀರಿಗಲ್ಲ.

ಇಲ್ಲೂ ಮದ್ದು ಅದೇ ಮೂರು: ತೂತು ಮುಚ್ಚುವುದು, ಇನ್ಸುಲೇಷನ್, ಸೂರಿನಿಂದ ಗಾಳಿ. ಮಂಜುಗಡ್ಡೆ ಕರಗಿಸಲು ಸೂರಿಗೆ ಬಿಸಿ ವೈರ್ ಹಾಕಿಸುವುದು ಜ್ವರಕ್ಕೆ ಒದ್ದೆ ಬಟ್ಟೆ ಇಟ್ಟ ಹಾಗೆ. ಕೊಡಲಿ ತಗೊಂಡು ಒಡೆಯಬೇಡಿ, ಶಿಂಗಲ್ ಹೋಗುತ್ತದೆ. ಹೊಸ ಮಾಡು ಹಾಕಿಸುವಾಗ ಐಸ್ ಅಂಡ್ ವಾಟರ್ ಶೀಲ್ಡ್ ಅನ್ನುವ ಅಂಟುಪದರ ಸೂರಿನ ಅಂಚಿನಿಂದ ಶುರುವಾಗಿ ಹೊರಗೋಡೆಯ ಗೆರೆ ದಾಟಿ 24 ಇಂಚು ಒಳಗಿನವರೆಗೂ ಇದೆಯಾ ಅಂತ ನೋಡಿಕೊಳ್ಳಿ.

ಬೀದಿಯಲ್ಲಿ ನಿಂತೇ ಒಂದು ಪರೀಕ್ಷೆ ಮಾಡಬಹುದು. ಹಿಮ ಬಿದ್ದ ಮಾರನೆ ಬೆಳಿಗ್ಗೆ ಸಾಲಿನ ಮನೆಗಳನ್ನು ನೋಡಿ. ಯಾರ ಮಾಡು ಬೇಗ ಬೋಳಾಗುತ್ತದೋ ಅವರ ಸೀಲಿಂಗ್ ಸೋರುತ್ತಿದೆ.

ನಮ್ಮ ಅಡುಗೆಯಿಂದ ಆಟಿಕ್‌ಗೆ ತೊಂದರೆ ಆಗುತ್ತಾ?

ಅಡುಗೆಯಿಂದ ಅಲ್ಲ, ಹಬೆ ಹೋಗುವ ದಾರಿ ಇಲ್ಲದ್ದರಿಂದ. ಕುಕ್ಕರ್ ಕೂಗುತ್ತದೆ, ಸಾರು ಕುದಿಯುತ್ತದೆ, ಇಡ್ಲಿ ಬೇಯುತ್ತದೆ. ಒಲೆಯ ಮೇಲಿನ ಹುಡ್ ಗಾಳಿಯನ್ನು ಸೋಸಿ ಮತ್ತೆ ಮುಖಕ್ಕೇ ಊದುವಂಥದ್ದಾದರೆ ಆ ಹಬೆಯೆಲ್ಲ ಮನೆಯಲ್ಲೇ. ಹುಡ್ ಆಚೆಗೆ ಬಿಡುವಂಥದ್ದು ಹಾಕಿಸಿ. ಚಳಿಗಾಲದಲ್ಲಿ ಒಳಗೆ ಬಟ್ಟೆ ಒಣಹಾಕುವ ಅಭ್ಯಾಸ ನಮಗೆ ಇದೆ, ಅದೂ ಲೆಕ್ಕಕ್ಕೆ ಬರುತ್ತದೆ. ಹತ್ತು ಡಾಲರ್ ಆಸುಪಾಸಿನ ಒಂದು ತೇವಮಾಪಕ ತಂದು ಹಾಲ್‌ನಲ್ಲಿ ಇಡಿ. ಚಳಿಗಾಲದಲ್ಲಿ ಶೇಕಡಾ 30ರಿಂದ 40ರ ನಡುವೆ ಇದ್ದರೆ ಸರಿ, ಹೊರಗೆ ತೀರಾ ಚಳಿ ಇರುವಾಗ 30ರ ಕಡೆಗೇ ಇರಲಿ. ಫರ್ನೇಸ್‌ಗೆ ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಯಂತ್ರ) ಇದ್ದವರು ಚಳಿ ಏರಿದ ಹಾಗೆ ಅದನ್ನು ಇಳಿಸಬೇಕು. ಹೆಚ್ಚಿನವರು ಉಲ್ಟಾ ಮಾಡುತ್ತಾರೆ.

ಬಾತ್‌ರೂಂ ಫ್ಯಾನಿನ ಪೈಪ್ ಇನ್ಸುಲೇಟ್ ಆಗಿರಲಿ, ಮಾಡಿನಿಂದಲೋ ಗೋಡೆಯಿಂದಲೋ ಆಚೆ ಹೋಗಲಿ. ಸಾಫಿಟ್ ಹತ್ತಿರ ಬಿಟ್ಟು ಕೈ ತೊಳೆದುಕೊಳ್ಳುವವರಿದ್ದಾರೆ. ಆ ಹಬೆ ಪಕ್ಕದ ಸಾಫಿಟ್ ವೆಂಟ್‌ನಿಂದ ಮತ್ತೆ ಒಳಗೆ ಬರುತ್ತದೆ.

ಚಳಿಗಾಲದಲ್ಲಿ ವೆಂಟ್ ಮುಚ್ಚಿಬಿಟ್ಟರೆ ಬಿಸಿ ಉಳಿಯುವುದಿಲ್ವಾ?

ಇಲ್ಲ. ಮುಚ್ಚಬೇಡಿ. ವೆಂಟ್ ಬೇಕಾಗುವುದೇ ಚಳಿಗಾಲದಲ್ಲಿ.

ಸೋಲಾರ್ ಆಟಿಕ್ ಫ್ಯಾನ್ ಮಾರುವವರು ಬಾಗಿಲಿಗೆ ಬಂದಿದ್ದರು. ಹಾಕಿಸಬಹುದಾ?

ನನ್ನ ಮಟ್ಟಿಗೆ ಬೇಡ. ಫ್ಯಾನ್ ಜೋರಾಗಿ ಎಳೆಯುತ್ತದೆ, ಸರಿ. ಸಾಫಿಟ್‌ನಿಂದ ಸಾಕಷ್ಟು ಗಾಳಿ ಸಿಗದಿದ್ದರೆ ಎಲ್ಲಿಂದ ತಗೊಳ್ಳುತ್ತದೆ? ಸೀಲಿಂಗ್‌ನ ತೂತಿನಿಂದ, ನೀವು ಎಸಿ ಹಾಕಿ ತಣ್ಣಗೆ ಮಾಡಿದ ಗಾಳಿಯನ್ನು. ಗ್ಯಾಸ್‌ನ ಹಳೆ ವಾಟರ್ ಹೀಟರ್ ಇದ್ದ ಮನೆಯಲ್ಲಿ ಅದರ ಹೊಗೆಯನ್ನು ಕೆಳಕ್ಕೆ ಎಳೆಯುವ ಅಪಾಯವೂ ಇದೆ, ಹಾಗಿದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಒಂದು ದಿನವೂ ಇರಬೇಡಿ. ಬೇಸಿಗೆಯ ಕಾವು ಕೋಣೆಗೆ ಇಳಿಯದಂತೆ ತಡೆಯುವುದು ಒಳ್ಳೆಯ ಇನ್ಸುಲೇಷನ್‌ನ ಕೆಲಸ.

ವೆಂಟ್ ಇಲ್ಲದಿದ್ದರೆ ಶಿಂಗಲ್ ಬೇಗ ಹಾಳಾಗುತ್ತಂತೆ, ನಿಜವಾ?

ಸ್ವಲ್ಪ ಮಟ್ಟಿಗೆ. ಗಾಳಿ ಆಡುವುದರಿಂದ ಶಿಂಗಲ್ ತಣ್ಣಗಾಗುವುದು ಕೆಲವೇ ಡಿಗ್ರಿ. ಅದರ ಬಣ್ಣ, ಮಾಡು ನೋಡುವ ದಿಕ್ಕು, ಇವು ಅದಕ್ಕಿಂತ ದೊಡ್ಡ ಕಾರಣ. ಆದರೆ ಶಿಂಗಲ್ ಕಂಪನಿಗಳ ವಾರಂಟಿ ಚೀಟಿಯಲ್ಲಿ ವೆಂಟಿಲೇಷನ್ ಸರಿ ಇರಬೇಕು ಅಂತ ಷರತ್ತು ಇರುತ್ತದೆ. ಆ ಕಾಗದಕ್ಕಾದರೂ ಬೇಕು.

ದಸರಾ ಗೊಂಬೆ ಪೆಟ್ಟಿಗೆ ಆಟಿಕ್‌ನಲ್ಲಿ ಇಡಬಹುದಾ?

ಈ ಪ್ರಶ್ನೆ ನಗು ತರಿಸಬಹುದು, ಆದರೆ ನನ್ನನ್ನು ಅತಿ ಹೆಚ್ಚು ಕೇಳಿದ್ದು ಇದನ್ನೇ. ಎರಡು ಕಾರಣಕ್ಕೆ ಬೇಡ. ಇನ್ಸುಲೇಷನ್ ಮೇಲೆ ಹಲಗೆ ಹಾಕಿ ಪೆಟ್ಟಿಗೆ ಜೋಡಿಸಿದರೆ ಅದು ಅದುಮಿಹೋಗುತ್ತದೆ. ಹದಿನಾಲ್ಕು ಇಂಚು ಆರು ಇಂಚಾದರೆ ನೀವು ಕೊಟ್ಟ ದುಡ್ಡು ಅಲ್ಲಿಗೆ ಹೋಯಿತು. ಜಾಗ ಬೇಕೇ ಬೇಕು ಅಂದರೆ ನಡುವಲ್ಲಿ ಕಾಲು ಕೊಟ್ಟು ಎತ್ತರಿಸಿದ ಅಟ್ಟಣೆ ಕಟ್ಟಿಸಿ, ಸೂರಿನ ಕಡೆ ಮಾತ್ರ ಹೋಗಬೇಡಿ.

ಎರಡನೆಯದು ಬಿಸಿ. ಜುಲೈನಲ್ಲಿ ಆಟಿಕ್ 130 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಮಾಮೂಲು. ಚನ್ನಪಟ್ಟಣದ ಗೊಂಬೆಗಳ ಬಣ್ಣ ಅರಗಿನದು. ಒಂದು ವರ್ಷ ನಾನು ಪೇಪರ್ ಸುತ್ತಿ ಇಟ್ಟಿದ್ದ ಸೆಟ್ಟಿ ದಂಪತಿಯನ್ನು ಮಹಾಲಯ ಅಮಾವಾಸ್ಯೆಗೆ ತೆಗೆದರೆ ಸೆಟ್ಟಿಯ ಹೊಟ್ಟೆಗೆ ಪೇಪರ್ ಅಂಟಿತ್ತು. ಕೀಳಲು ಹೋದರೆ ಬಣ್ಣವೂ ಬಂತು. ಈಗ ಗೊಂಬೆಗಳೆಲ್ಲ ಬೇಸ್‌ಮೆಂಟ್‌ನಲ್ಲಿವೆ.

ಹಳೆ ಮನೆ ತಗೊಂಡಿದ್ದೇವೆ. ಆಟಿಕ್‌ನಲ್ಲಿ ಹೊಳೆಯುವ ಸಣ್ಣ ಕಲ್ಲಿನ ಹರಳು ತುಂಬಿದೆ. ತೆಗೆದು ಹಾಕಲಾ?

ಮುಟ್ಟಬೇಡಿ! ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ, ಮಕ್ಕಳನ್ನು ಹತ್ತಿಸಬೇಡಿ. ಅದು ವರ್ಮಿಕ್ಯುಲೈಟ್ ಇರಬಹುದು. 1919ರಿಂದ 1990ರವರೆಗೆ ಅಮೆರಿಕದಲ್ಲಿ ಮಾರಿದ ವರ್ಮಿಕ್ಯುಲೈಟ್‌ನಲ್ಲಿ ಶೇಕಡಾ 70ಕ್ಕೂ ಹೆಚ್ಚು ಮೊಂಟಾನಾದ ಲಿಬ್ಬಿ ಅನ್ನುವ ಒಂದೇ ಊರಿನ ಗಣಿಯದು, ಆ ಗಣಿಯಲ್ಲಿ ಉಸಿರಿನೊಳಗೆ ಹೋದರೆ ಶ್ವಾಸಕೋಶ ಕೆಡಿಸುವ ಆಸ್‌ಬೆಸ್ಟಾಸ್ ಕೂಡ ಇತ್ತು. ಆಸ್‌ಬೆಸ್ಟಾಸ್ ಇದೆ ಅಂತಲೇ ಭಾವಿಸಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿಯೇ ಹೇಳುತ್ತದೆ. ತೆಗೆಸಬೇಕಾದರೆ ಅದಕ್ಕೆ ತರಬೇತಿ ಪಡೆದವರೇ ಬರಬೇಕು. ತೆಗೆಯುವವರೆಗೆ ಅದರ ಮೇಲೆ ಹೊಸದನ್ನು ಊದಿಸುವುದೂ ಬೇಡ.

ರೋಲ್ ಒಳ್ಳೆಯದಾ, ಊದಿಸುವುದು ಒಳ್ಳೆಯದಾ?

ತೆರೆದ ಆಟಿಕ್‌ಗೆ ಊದಿಸುವುದೇ ಸರಿ, ಸಂದುಗೊಂದು ತುಂಬುತ್ತದೆ. ಸೆಲ್ಯುಲೋಸ್ ಇಂಚಿಗೆ ಸುಮಾರು ಆರ್-3.5, ಊದಿದ ಫೈಬರ್‌ಗ್ಲಾಸ್ ಸುಮಾರು ಆರ್-2.5. ರೋಲ್ ಹಾಕುವುದಾದರೆ ಒಂದು ತಪ್ಪು ಮಾಡಬೇಡಿ. ಒಂದು ಮುಖಕ್ಕೆ ಕಂದು ಕಾಗದ ಇರುವ ರೋಲ್‌ನ ಕಾಗದ ಕೆಳಗೆ, ಸೀಲಿಂಗ್ ಕಡೆಗೆ ಇರಬೇಕು. ಹಳೆಯದರ ಮೇಲೆ ಎರಡನೆ ಪದರ ಹಾಕುವಾಗ ಕಾಗದವಿಲ್ಲದ್ದೇ ತನ್ನಿ, ಇಲ್ಲದಿದ್ದರೆ ನಡುವೆ ತೇವ ಸಿಕ್ಕಿಕೊಳ್ಳುತ್ತದೆ.

ಮಾಡಿನ ಅಡಿಗೇ ಸ್ಪ್ರೇ ಫೋಮ್ ಹೊಡೆಸಿದರೆ ವೆಂಟ್ ಬೇಡವಂತೆ?

ಹೌದು, ಅದು ಬೇರೆಯೇ ದಾರಿ. ಆಗ ಆಟಿಕ್ ಮನೆಯ ಒಳಗೆ ಸೇರುತ್ತದೆ, ನಮ್ಮ ಅಟ್ಟದ ಹಾಗೆ. ಎಲ್ಲ ವೆಂಟ್ ಮುಚ್ಚಬೇಕು. ಎಸಿ ಯಂತ್ರ, ಡಕ್ಟ್ (ಗಾಳಿ ಒಯ್ಯುವ ಕೊಳವೆ) ಎಲ್ಲ ಆಟಿಕ್‌ನಲ್ಲೇ ಇರುವ ಟೆಕ್ಸಾಸ್, ಫ್ಲಾರಿಡಾ ಕಡೆ ಇದಕ್ಕೆ ಅರ್ಥ ಇದೆ. ಅಲ್ಲಿ ಹೊರಗಿನ ಗಾಳಿಯೇ ಒದ್ದೆ. ಅದು ಬಂದು ತಣ್ಣನೆ ಡಕ್ಟ್ ತಾಗಿದರೆ ಡಕ್ಟ್ ಬೆವರುತ್ತದೆ. ಆದರೆ ದುಬಾರಿ, ಒಮ್ಮೆ ಹೊಡೆದರೆ ತೆಗೆಯುವುದು ಆಗದ ಮಾತು. ಅರ್ಧ ಇದು, ಅರ್ಧ ಅದು ಮಾತ್ರ ಬೇಡ. ಫೋಮ್ ಹೊಡೆಸಿ ಸಾಫಿಟ್ ತೆರೆದಿಟ್ಟರೆ ಎರಡೂ ಕೆಟ್ಟವು.

ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಹಿಮವೇ ಇಲ್ಲ, ನಮಗೇನು?

ನಿಮಗೆ ಹಿಮದ ಬದಲು ಕಿಡಿ. ಕಾಡ್ಗಿಚ್ಚಿನ ಸಮಯದಲ್ಲಿ ಗಾಳಿಯಲ್ಲಿ ಹಾರುವ ಕೆಂಡದ ಚೂರು ವೆಂಟ್‌ನಿಂದ ಆಟಿಕ್‌ಗೆ ಹೊಕ್ಕು ಮನೆಗಳು ಒಳಗಿನಿಂದ ಹೊತ್ತಿಕೊಂಡಿವೆ. ಕಾಡಿಗೆ ತಾಗಿದ ಪ್ರದೇಶಗಳಲ್ಲಿ ಹೊಸ ಮನೆಗೆ ಕಿಡಿ ತಡೆಯುವ ವೆಂಟ್ ಹಾಕಬೇಕು ಅಂತ ಅಲ್ಲಿನ ಕಟ್ಟಡ ಕೋಡ್‌ನಲ್ಲೇ ಇದೆ. ಹಳೆ ಮನೆಗೆ 1/8 ಇಂಚು ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಲೋಹದ ಜಾಲರಿಯಾದರೂ ಹೊಡೆಸಿ.

ಇಂಗ್ಲೆಂಡ್‌ನಲ್ಲಿ ಆಟಿಕ್‌ಗೆ ಲಾಫ್ಟ್ ಅನ್ನುತ್ತಾರೆ. ಅದಕ್ಕೂ ಇದೇ ಮಾತಾ?

ಮಾತು ಅದೇ, ಅಳತೆ ಬೇರೆ. ಅಲ್ಲಿ ಹೇಳುವುದು 270 ಮಿಲಿಮೀಟರ್ ದಪ್ಪದ ಮಿನರಲ್ ವೂಲ್. 100 ಮಿಲಿಮೀಟರ್ ಜಾಯಿಸ್ಟ್ (ಸೀಲಿಂಗ್ ಹೊತ್ತ ತೊಲೆ) ನಡುವೆ, 170 ಅದರ ಮೇಲೆ ಅಡ್ಡಡ್ಡ. ಸೂರಿನ ಹತ್ತಿರ ತುರುಕಬೇಡಿ, ಮೇಲಿನ ಫೆಲ್ಟ್‌ಗೂ (ಹಂಚಿನ ಅಡಿಯ ಹಾಳೆ) ಇನ್ಸುಲೇಷನ್‌ಗೂ ನಡುವೆ 50 ಮಿಲಿಮೀಟರ್ ಸಂದು ಬಿಡಿ. ಲಾಫ್ಟ್‌ನಲ್ಲಿರುವ ನೀರಿನ ಟ್ಯಾಂಕ್ ಅಡಿಗೆ ಇನ್ಸುಲೇಷನ್ ಹಾಕುವುದಿಲ್ಲ, ಮೇಲೆ ಸುತ್ತ ಮಾತ್ರ. ಕೆಳಗಿನ ಸ್ವಲ್ಪ ಬಿಸಿ ತಾಗಿದರೆ ನೀರು ಹೆಪ್ಪುಗಟ್ಟುವುದಿಲ್ಲ.

ಊರಲ್ಲಿ ಅಪ್ಪ ಅಮ್ಮ ಇರುವ ಮನೆಗೆ ಇದನ್ನೆಲ್ಲ ಮಾಡಿಸಬಹುದಾ?

ಯಾವ ಮನೆ ಅನ್ನುವುದರ ಮೇಲಿದೆ. ಹಂಚಿನ ಮನೆ ಆದರೆ ಅದು ಮೊದಲೇ ಉಸಿರಾಡುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಕಾರ್ಖಾನೆ ಶುರುಮಾಡಿದ ಮೇಲೆ ಹರಡಿದ ಆ ಹಂಚು ಒಂದರ ಮೇಲೊಂದು ಕೂತರೂ ಸಂದಿ ಬಿಡುತ್ತದೆ. ಈಚೆಗೆ ಹಂಚಿನ ಅಡಿಗೆ ಸಂದಿಲ್ಲದ ಹಾಗೆ ಪಿವಿಸಿ ಸೀಲಿಂಗ್ ಹೊಡೆಸುತ್ತಾರೆ. ನೋಡಲು ನೀಟು, ಆದರೆ ಮಳೆಗಾಲದಲ್ಲಿ ಮೇಲಿನ ರೀಪು ಒಣಗುವುದಿಲ್ಲ. ಸೀಲಿಂಗ್ ಬೇಕಾದರೆ ಸೂರಿನ ಕಡೆಯೂ ನೆತ್ತಿಯ ಕಡೆಯೂ ಗಾಳಿಗೆ ದಾರಿ ಬಿಡಿಸಿ, ಇಲಿ ಬಾರದಂತೆ ಜಾಲರಿ ಹೊಡೆಸಿ. ಬೆಂಗಳೂರಿನ ಆರ್‌ಸಿಸಿ ತಾರಸಿಗೆ ಆಟಿಕ್ಕೇ ಇಲ್ಲ, ಅಲ್ಲಿ ಪ್ರಶ್ನೆ ಬರೀ ಬಿಸಿಲಿನದು. ಬಿಳಿ ಪ್ರತಿಫಲಿಸುವ ಬಣ್ಣ ಬಳಿಸುವುದು ಮೊದಲ, ಅಗ್ಗದ ಹೆಜ್ಜೆ.

ಖರ್ಚಿಗೆ ಸರ್ಕಾರದ ಸಹಾಯ ಸಿಗುತ್ತಾ?

ಅಮೆರಿಕದ ಕೇಂದ್ರ ತೆರಿಗೆಯಲ್ಲಿ ಇನ್ಸುಲೇಷನ್‌ಗೆ ಶೇಕಡಾ 30, ವರ್ಷಕ್ಕೆ 1,200 ಡಾಲರ್‌ವರೆಗೆ ಸಿಗುತ್ತಿದ್ದ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ನಿಮ್ಮ ಗ್ಯಾಸ್ ಅಥವಾ ಕರೆಂಟ್ ಕಂಪನಿ ರಿಬೇಟ್ ಕೊಡುತ್ತದಾ ಅಂತ ಒಂದು ಫೋನ್ ಮಾಡಿ ಕೇಳಿ. ಕೆಲಸ ಶುರುವಾಗುವ ಮುಂಚೆಯೇ ಕೇಳಿ, ಕೆಲವರು ಮೊದಲು ತಪಾಸಣೆ ಆಗಿರಬೇಕು ಅನ್ನುತ್ತಾರೆ.

ಕಂಟ್ರಾಕ್ಟರ್‌ಗೆ ಏನೇನು ಕೇಳಬೇಕು?

ಊದುವ ಮುಂಚೆ ತೂತು ಮುಚ್ಚುತ್ತೀರಾ? ಎಷ್ಟು ಬ್ಯಾಫಲ್ ಹಾಕುತ್ತೀರಾ, ಪ್ರತಿ ರಾಫ್ಟರ್ ಸಂದಿಗೂ ಹಾಕುತ್ತೀರಾ? ಬಾತ್‌ರೂಂ ಫ್ಯಾನ್ ಎಲ್ಲಿಗೆ ಹೋಗಿದೆ ಅಂತ ನೋಡಿದ್ದೀರಾ? ಈ ಮೂರಕ್ಕೆ ಒಂದೇ ಉಸಿರಲ್ಲಿ ಉತ್ತರ ಬರಬೇಕು. ತಡವರಿಸಿದರೆ ಚಹಾ ಕೊಟ್ಟು ಕಳಿಸಿ.

ಬೆಲೆಪಟ್ಟಿಯಲ್ಲಿ ಇಂಚು ಬರೆದಿದ್ದರೆ ಸಾಲದು. ಆರ್-ವ್ಯಾಲ್ಯೂ ಮತ್ತು ಎಷ್ಟು ಚೀಲ ಅಂತ ಬರೆಸಿಕೊಳ್ಳಿ. ಪುಡಿಯನ್ನು ಗಾಳಿ ತುಂಬಿ ಉಬ್ಬಿಸಿ ಇಂಚು ತೋರಿಸಬಹುದು, ಚೀಲದ ಲೆಕ್ಕ ಸುಳ್ಳು ಹೇಳುವುದಿಲ್ಲ. ಖಾಲಿ ಚೀಲಗಳನ್ನು ಅಂಗಳದಲ್ಲೇ ಬಿಟ್ಟು ಹೋಗಿ ಅಂತ ಹೇಳಿ, ಎಣಿಸಿ. 300 ಚದರ ಅಡಿಗೆ ಒಂದರಂತೆ ಆಳದ ಪಟ್ಟಿ ನೆಟ್ಟಿರಬೇಕು, ಅಂಕಿ ಆಟಿಕ್ ಬಾಗಿಲಿನ ಕಡೆಗೆ ಮುಖ ಮಾಡಿರಬೇಕು.

ಅವರು ಹೊರಡುವ ಮುಂಚೆ, ಗಾಡಿ ಇನ್ನೂ ಮನೆ ಮುಂದೆ ಇರುವಾಗಲೇ, ಹಗಲು ಹೊತ್ತಲ್ಲಿ ಏಣಿ ಹತ್ತಿ. ಆಟಿಕ್ ಲೈಟ್ ಆರಿಸಿ. ಕಣ್ಣು ಕತ್ತಲಿಗೆ ಹೊಂದುವವರೆಗೆ ಒಂದು ನಿಮಿಷ ಸುಮ್ನೆ ಇರಿ. ಆಮೇಲೆ ಸೂರಿನ ಕಡೆ ನೋಡಿ. ಬ್ಯಾಫಲ್‌ಗಳ ಬುಡದಲ್ಲಿ ಸಾಲಾಗಿ ಮಸುಕು ಬೆಳಕು ಕಂಡರೆ ಚೆಕ್‌ಗೆ ಸಹಿ ಹಾಕಿ.